ವಲ್ಲಿ ಇಲ್ಲದ ಶೇಕ್‌ಹ್ಯಾಂಡ್

"ಮಾವಾರ, ಶೇಕ್‌ಹ್ಯಾಂಡ್!" ಅಂತ ಆ ಹುಡುಗ ಹೊಸ್ತಲಾ ದಾಟೂಕಿಂತ ಮದಲ ಕೈ ಮುಂದ ಚಾಚಿದ ನೋಡ್ರಿ, ಎಲ್ಲಾ ಹಳವಂಡ ಅಲ್ಲಿಂದನ ಶುರು ಆತು.

ಹುಡುಗನ ಹೆಸರು ಬಾಳು. ಸವದತ್ತ್ಯಾಗ ಹೊಸದಾಗಿ ತಗದ ಬ್ಯಾಂಕಿನ್ಯಾಗ ನೌಕರಿ. ಬೈಲಹೊಂಗಲದ ದಲಾಲಿ ದುಂಡಪ್ಪನ ಮಗಳು ತಂಗೆವ್ವನ್ನ ನೋಡಾಕಂತ ತನ್ನ ಅವ್ವ ರಾಯವ್ವನ್ನ, ಮುತ್ಯಾ ನಿಜಗುಣಪ್ಪನ್ನ ಕರಕೊಂಡು ಮುಂಜಾನಿ ಬಸ್ಸಿಗೆ ಬಂದು ಇಳದಿದ್ದ. ತಲಿ ಮ್ಯಾಲ ಉದ್ದನ ಕ್ರಾಪು, ಕಾಲಾಗ ಅಂಗಳಾ ಗುಡಿಸೂ ಅಷ್ಟು ಅಗಲ ಪ್ಯಾಂಟು, ಮಾರಿ ತುಂಬ ನಗಿ.

ದುಂಡಪ್ಪಗ ಮದಲ ಚುಚ್ಚಿದ್ದು ಆ 'ಮಾವಾರ'. ಇನ್ನೂ ಕನ್ಯಾ ನೋಡಿಲ್ಲ, ಉಪ್ಪಿಟ್ಟು ತಿಂದಿಲ್ಲ, ನಾ ಆಗ್ಲೇ ಮಾವ ಹೆಂಗ ಆದೆ? ಹಿಂಗ ವಿಚಾರ ಮಾಡೂದ್ರಾಗ ಹುಡುಗ ಅವನ ಬಲಗೈ ಹಿಡದಾ ಬಿಟ್ಟ. ಹಿಡಿಯೂದಂದ್ರ ಹೆಂಗ? ಇಡೀ ಅಂಗೈ ಗಟ್ಟಿ ಹಿಡದು, ಬಾವ್ಯಾಗಿನ ಕೊಡ ಸೇದಿದಂಗ ಮ್ಯಾಲ ಕೆಳಗ ಜಗ್ಗಿ, ಕಣ್ಣಾಗ ಕಣ್ಣಿಟ್ಟು ನಕ್ಕ.

ದುಂಡಪ್ಪನ ಬೆನ್ನಾಗ ತಣ್ಣಗ ನೀರು ಇಳೀತು.

ಯಾಕ ಅನ್ನೂದು ತಿಳೀಬೇಕಂದ್ರ ಆ ಕೈ ಎಂಥಾ ಕೈ ಅನ್ನೂದು ತಿಳೀಬೇಕು. ದನದ ಪ್ಯಾಟ್ಯಾಗ ವ್ಯಾಪಾರ ಬಾಯಿಲೆ ಆಗೂದಿಲ್ರಿ, ಕೈಲೆ ಆಗ್ತೈತಿ. ಮಾರಾವ, ಕೊಳ್ಳಾವ ಇಬ್ರೂ ಕೈಗೆ ಕೈ ಸೇರಸ್ತಾರ, ಹೆಗಲ ಮ್ಯಾಲಿನ ವಲ್ಲಿ ತಗದು ಮ್ಯಾಲ ಹೊಚ್ಚತಾರ. ವಲ್ಲಿ ಬುಡಕ ಬೆರಳು ಮಾತಾಡ್ತಾವ. ಒಂದು ಬೆರಳು ಹಿಚಕಿದ್ರ ಒಂದು, ಎರಡು ಹಿಚಕಿದ್ರ ಎರಡು, ಇಡೀ ಅಂಗೈ ಹಿಡದ್ರ ಐದು. ಅದು ನೂರೋ ಸಾವಿರೋ ಅನ್ನೂದು ಮುಂದ ನಿಂತ ದನಾ ನೋಡಿದ್ರ ತಿಳೀತೈತಿ. ಸುತ್ತ ಜಾತ್ರಿಯಷ್ಟು ಮಂದಿ ನಿಂತಿದ್ರೂ ಒಳಗ ಏನ ನಡದೈತಿ ಅಂತ ಒಬ್ಬಗೂ ಗೊತ್ತಾಗೂದಿಲ್ಲ. ಕಣ್ಣು ಮಾತ್ರ ಎತ್ತಾಗರೆ ಮುಗಲ ನೋಡ್ತಿರಬೇಕು. ಕಣ್ಣಾಗ ಕಣ್ಣಿಟ್ಟು ನಕ್ಕೋತ ಕೈ ಹಿಡಿಯಾವ ಅಂದ್ರ ಅಂವ ಕುಂಟ ಎತ್ತಿನ ಕೋಡಿಗೆ ಎಣ್ಣಿ ಹಚ್ಚಿ ತಂದಾನ ಅಂತನ ತಿಳಕೋಬೇಕು.

ಈ ಕೆಲಸದಾಗ ದುಂಡಪ್ಪನ ಕೂದಲಾ ಬೆಳ್ಳಗಾಗಿದ್ದು. ಅವನ ಕೈ ಎಷ್ಟು ಪಳಗಿತ್ತಂದ್ರ, ತಲಿಗೆ ಕೇಳದನ ಲೆಕ್ಕಾ ಹಾಕ್ತಿತ್ತು. ಬಳಿಗಾರ ಬಂದು ಹೆಂಡ್ತಿ ಸಿದ್ದಲಿಂಗವ್ವನ ಕೈ ಒತ್ತಿ ಒತ್ತಿ ಬಳಿ ಇಡಸೂದು ಕಂಡ್ರೂ, "ಮೂರಕ್ಕ ಬಂತು, ಇನ್ನೂ ಇಳೀತಾನ ತಡಿ" ಅಂತಿದ್ದ.

ಪ್ಯಾಟ್ಯಾಗ ಅವಂದು ಒಂದ ಕಾಯದೆ. ಹೋದ ವರ್ಷ ಯರಗಟ್ಟಿ ಪರಸಪ್ಪ ಅನ್ನಾಂವ ಒಂದು ಮುದಿ ಎಮ್ಮಿ ಮುಂದ ನಿಂತು ಬೆರಳು ಹಿಡದ, ಆಮ್ಯಾಲ "ಎಣ್ಣಾ, ನಾ ಹಿಡದದ್ದು ಬಾಜೂಕಿನ ಕರುವಿಗೋ, ಈ ಹಲ್ಲಿಲ್ಲದ ಎಮ್ಮಿಗಲ್ಲೋ" ಅಂತ ಗೋಳಾಡಿದ. ಕಾಲ ಹಿಡದ. ದುಂಡಪ್ಪ ಮಿಸುಕಲಿಲ್ಲ. "ಯಾವ ದನದ ಮುಂದ ನಿಂತು ಕೈ ಕೊಟ್ಟಿ, ಬೆರಳು ಆ ದನದ್ದ. ಕೈ ಬಿಟ್ಟ ಮ್ಯಾಲ ಶಿವಾ ಬಂದ್ರೂ ತಿರಗಿಲ್ಲ ಮುರಗಿಲ್ಲ" ಅಂದ. ಪರಸಪ್ಪ ಕಣ್ಣೀರು ಒರಸ್ಕೊಂತ ಎಮ್ಮಿ ಹೊಡಕೊಂಡು ಹೋದ. ಅವತ್ತಿಂದ ಯಾವ ಜಗಳ ಬಂದ್ರೂ ಪ್ಯಾಟಿ ಮಂದಿ "ದುಂಡಪ್ಪನ ಕಾಯದೆ" ಅಂತಿದ್ರು, ಜಗಳ ಮುಗೀತಿತ್ತು.

ಅಂಥಾ ಕೈಯಾಗ ಈಗ ಹಾಡಹಗಲ, ವಲ್ಲಿ ಇಲ್ಲದ, ಊರೆಲ್ಲಾ ನೋಡೂ ಹಂಗ, ಐದು! ಬಾವಿಗೆ ಹೋಗಾಕ ಸೈತ ಸೆರಗು ಹೊಚ್ಚಿಕೊಂಡು ಹೋಗೂ ಊರಾಗ, ಹುಡುಗ ಬತ್ತಲೆ ಶೇಕ್‌ಹ್ಯಾಂಡ್ ಮಾಡಿದಂಗಾತು.

ಐದು ಅಂತೂ ಅಂದ. ಆದ್ರ ಐದು ಏನು?

ಬಂದವರನ್ನ ಪಡಸಾಲ್ಯಾಗ ಜಮಖಾನಿ ಮ್ಯಾಲ ಕುಂಡ್ರಿಸಿ ದುಂಡಪ್ಪ ನೆಟ್ಟಗ ಅಡಗಿ ಮನಿಗೆ ಓಡಿದ. ಸಿದ್ದಲಿಂಗವ್ವ ಶಿರಾ ತಿರವಾಕ ಹತ್ತಿದ್ಲು.

"ಲೇ, ಹುಡುಗ ಐದು ಕೇಳಾಕ ಹತ್ಯಾನ."

"ಏನ್ ಐದು?"

"ಅದ ತಿಳೀವಲ್ದು."

"ಬಾಯಿ ಬಿಟ್ಟು ಕೇಳಿದ್ನೇನ್ರಿ?"

"ಬಾಯಿ ಬಿಟ್ಟು ಕೇಳಾಕ ಅಂವ ಏನ್ ಹುಚ್ಚ ಏನು? ಬ್ಯಾಂಕಿನಾಂವ. ಕೈಲೆ ಕೇಳಿದ."

ಸಿದ್ದಲಿಂಗವ್ವ ಸೌಟು ನಿಲ್ಲಿಸಿ ಗಂಡನ ಮಾರಿ ನೋಡಿದ್ಲು. "ಎಪ್ಪಾ ದೇವರ! ಅದು ಶೇಕ್‌ಹ್ಯಾಂಡ್ ರೀ. ಸಾಹೇಬರು ಮಾಡ್ತಾರಲ್ಲಾ, ಅದು. ನಮಸ್ಕಾರ ಇದ್ದಂಗ."

"ನಮಸ್ಕಾರ ಮಾಡಾಕ ಅವನವ ಎರಡು ಕೈ ಇದ್ದೂವಲ್ಲಾ, ನನ್ನ ಕೈ ಯಾಕ ಬೇಕಾತು?"

ಸಿದ್ದಲಿಂಗವ್ವ ಮತ್ತ ಸೌಟು ತಿರವಿದ್ಲು. ಆದ್ರೂ ಬಿಡಲಿಲ್ಲ. "ಅಲ್ಲಾ, ಅವರು ಹುಡುಗಿ ಒಂದ ಸಾಕು, ಕೊಡೂದು ತಗೊಳ್ಳೂದು ಏನೂ ಬ್ಯಾಡ ಅಂತ ಮದಲ ಹೇಳಿ ಕಳಸ್ಯಾರಲ್ರಿ."

"ಅದಕ್ಕ ಸಂಶೇ ಬಂದದ್ದು! ಪ್ಯಾಟ್ಯಾಗ ನಾ ನೋಡಿಲ್ಲೇನು? 'ಛೇ, ಈ ದನಾ ನನಗ ಬ್ಯಾಡೋ' ಅಂತ ಉಗುಳಿ ಹೋದಾಂವನ ಸಂಜಿಗೆ ಅದರ ಹಗ್ಗ ಹಿಡಕೊಂಡು ಹೋಗ್ತಾನ. ಏನೂ ಬ್ಯಾಡ ಅನ್ನಾಂವಗ ಎಲ್ಲಾ ಬೇಕಾಗಿರತೈತಿ."

"ಏನರೆ ಕೊಡ್ರಿ, ಏನರೆ ಬಿಡ್ರಿ. ಎತ್ತಿನ ಸುದ್ದಿ ಮಾತ್ರ ತಗೀಬ್ಯಾಡ್ರಿ."

"ಎತ್ತಿನ ಸುದ್ದಿ ಯಾಂವ ತಗೀತಾನ!" ಅಂದ ದುಂಡಪ್ಪ. ಕಣ್ಣು ಮಾತ್ರ ಕೊಟ್ಟಿಗಿ ಕಡಿ ಹೋತು.

ಬಸ್ಯಾ, ಸೋಮ್ಯಾ ಅಂತ ಎರಡು ಎತ್ತು. ಮಂದಿ ದನಾ ಮಾರಿ ಮಾರಿ ದಣದಾಂವ ತನಗಂತ ಆರಿಸಿ ಇಟ್ಟುಕೊಂಡ ಜೋಡಿ. ಬೆಳ್ಳಗ, ಒಂದು ತೋರಿಸಿ ಇನ್ನೊಂದು ಮುಚ್ಚಿದ್ರ ಯಾವದು ಯಾವದು ಅಂತ ಗೊತ್ತಾಗಬಾರದು. ಕಿತ್ತೂರ ಕಡಿಂದ ಗಿರಾಕಿ ಬಂದು ಹೇಳಿದಷ್ಟು ಕೊಡ್ತೇನಿ ಅಂದ್ರೂ ಬೆರಳು ಮುಟ್ಟಗೊಡಲಿಲ್ಲ. ದಿನಾ ಮುಂಜಾನಿ ಹೆಂಡ್ತಿ ಜೋಡಿ ಮಾತಾಡೂಕಿಂತ ಮದಲ ಅವುಗಳ ಜೋಡಿ ಮಾತಾಡ್ತಿದ್ದ. ಅವು ತಿರುಗಿ ಮಾತಾಡ್ತಿರಲಿಲ್ಲ, ಅದೂ ಒಂದು ಕಾರಣ ಇರಬೇಕು.

ಅಷ್ಟರಾಗ ಬಾಜೂಮನಿ ಕಿರಾಣಿ ಅಂಗಡಿ ಸಂಗಪ್ಪ ಅಡಗಿ ಮನಿ ಬಾಗಲದಾಗ ಮಾರಿ ಹಾಕಿದ. ಬೀಗರಿಗೆ ಕುಂಡ್ರಾಕ ಎರಡು ಕುರ್ಚಿ ಕೊಟ್ಟಿದ್ದ. ಕುರ್ಚಿ ಜೋಡಿ ತಾನೂ ಬಂದಿದ್ದ. ಬೀಗರು ಜಮಖಾನಿ ಮ್ಯಾಲ ಕುಂತ ಮ್ಯಾಲ ಒಂದು ಕುರ್ಚ್ಯಾಗ ತಾನ ಕುಂತಿದ್ದ.

"ದುಂಡಪ್ಪಣ್ಣಾ, ಕೇಳಿದೆ ಎಲ್ಲಾ. ಐದು ಅಂದ್ರ ಐದು ತೊಲಿ ಬಂಗಾರ. ಇದ್ರಾಗ ತಿಳಿಯೂದೇನೈತಿ?"

"ಐದು ತೊಲಿ!"

"ಇಲ್ಲಾಂದ್ರ ಐದು ಎಕರೆ."

"ನನ್ನ ಕಡೆ ಇರೂದ ಮೂರು."

"ಹಂಗಾರ ಬಂಗಾರನ ಖರೆ. ಸಂಪಗಾಂವದಾಗ ನಮ್ಮ ಮಾವನ ಮಗಳಿಗೂ ಹಿಂಗ ಆತು ನೋಡು. ಬ್ಯಾಡ ಬ್ಯಾಡ ಅಂದು, ಅಕ್ಕಿಕಾಳು ಬೀಳೂ ಹೊತ್ತಿಗೆ ಮೋಟಾರ್ ಸೈಕಲ್ ಕೇಳಿದ್ರು." ಸಂಗಪ್ಪ ಹಂಗ ಕೈ ಚಾಚಿ ತಟ್ಟ್ಯಾಗಿನ ಶಿರಾ ಒಂದು ಹಿಡಿ ಬಾಯಿಗೆ ಹಾಕ್ಕೊಂಡ. "ಸಿದ್ದಲಿಂಗಕ್ಕಾ, ಸಕ್ರಿ ಜರಾ ಕಮ್ಮಿ ಆಗೇತಿ."

ಪಡಸಾಲ್ಯಾಗ ತಂಗೆವ್ವ ಉಪ್ಪಿಟ್ಟಿನ ತಾಟು ಹಿಡಕೊಂಡು ಬಂದ್ಲು. ತಲಿ ತಗ್ಗಿಸಿದ್ರೂ ಕಣ್ಣು ತಗ್ಗಿಸಲಿಲ್ಲ, ಹುಡುಗನ ಪ್ಯಾಂಟಿನ ಅಗಲ ಅಳದು ನೋಡಿ ತುಟಿ ಕಚ್ಚಿ ನಗು ತಡಕೊಂಡ್ಲು. ರಾಯವ್ವ "ಕುಂದ್ರಬೇ ತಂಗಿ, ಹಾಡು ಗೀಡು ಏನೂ ಕೇಳೂದಿಲ್ಲ" ಅಂದ್ಲು. ಬಾಳು "ನಿಮಗೇನರೆ ಕೇಳೂದಿದ್ರ ಕೇಳ್ರಿ" ಅಂದ.

"ಆ ಪ್ಯಾಂಟು ಹಾಕ್ಕೊಂಡು ಸೈಕಲ್ ಹೆಂಗ ಹೊಡೀತೀರಿ?" ಅಂತ ತಂಗೆವ್ವ ಕೇಳೇ ಬಿಟ್ಟಳು.

ಎಲ್ಲಾರೂ ನಕ್ರು. ಹುಡುಗ ಅಂತೂ ಕುಣದಾಡೂದೊಂದು ಬಾಕಿ. "ಮಾವಾರ, ನನಗ ಪಸಂದ!" ಅಂತ ಎದ್ದು ಬಂದು ದುಂಡಪ್ಪನ ಕೈ ಹಿಡದು ಮತ್ತ ಜಗ್ಗಿದ. ಮತ್ತ ಇಡೀ ಅಂಗೈ. ಮತ್ತ ಐದು.

ದುಂಡಪ್ಪ ಸಂಗಪ್ಪನ ಮಾರಿ ನೋಡಿದ. ಸಂಗಪ್ಪ 'ನಾ ಹೇಳಲಿಲ್ಲಾ?' ಅನ್ನೂ ಹಂಗ ಹುಬ್ಬು ಹಾರಿಸಿದ. ಕನ್ಯಾ ನೋಡಿದ ಮ್ಯಾಲೂ ಒಂದು ಬೆರಳು ಇಳೀಲಿಲ್ಲ ಅಂದ್ರ ಹುಡುಗ ಭಾಳ ಗಟ್ಟಿ!

ಸಂಗಪ್ಪ ಹುಡುಗನ ಬಾಯಿ ತಗಿಸಾಕ ನೋಡಿದ. "ಅಲ್ಲ ತಮ್ಮಾ, ಈ ಶೇಕ್‌ಹ್ಯಾಂಡ್ ಅನ್ನೂದು ಯಾವಾಗ ಯಾವಾಗ ಕೊಡೂದು?"

ಬಾಳೂಗ ಬೇಕಾಗಿದ್ದೂ ಅದ. "ನಮಗ ಪುಣೇದಾಗ ಟ್ರೇನಿಂಗ್ ಇತ್ರಿ, ಅಲ್ಲಿ ಕಲಿಸ್ಯಾರ. ಭೆಟ್ಟಿ ಆದ್ರ ಶೇಕ್‌ಹ್ಯಾಂಡ್, ಹೋಗೂಮುಂದ ಶೇಕ್‌ಹ್ಯಾಂಡ್. ಒಬ್ಬಗ ಚಲೋ ಆದ್ರ ಶೇಕ್‌ಹ್ಯಾಂಡ್, ಜಗಳ ಬಗಿಹರದ್ರ ಶೇಕ್‌ಹ್ಯಾಂಡ್, ಮಾತು ಪಕ್ಕಾ ಆದ್ರೂ ಶೇಕ್‌ಹ್ಯಾಂಡ್. ಕೈ ಸಡಲ ಹಿಡೀಬಾರದ್ರಿ, ಗಿರಾಕಿಗೆ ವಿಶ್ವಾಸ ಬರೂದಿಲ್ಲ. ಭಾಳ ಜೀವದ ಮನಷ್ಯಾ ಇದ್ರ ಎರಡೂ ಕೈಲೆ."

ದುಂಡಪ್ಪಗ ಒಂದು ಅಕ್ಷರಾನೂ ನಂಬಿಕಿ ಬರಲಿಲ್ಲ. ಬರೂದಕ್ಕೂ ಅದ, ಹೋಗೂದಕ್ಕೂ ಅದ, ಜಗಳಕ್ಕೂ ಅದ. ಎಲ್ಲಾ ರೋಗಕ್ಕೂ ಒಂದ ಗುಳಗಿ ಮಾರಾವ ಸಂತ್ಯಾಗ ಹಾವು ತೋರಿಸಿ ಓಡಿ ಹೋಗ್ತಾನ. ಮತ್ತ 'ಗಿರಾಕಿ' ಅಂದ ನೋಡು, ಬಾಯಿ ತಪ್ಪಿ ಖರೇ ಮಾತು ಬಂತು!

ಆವಾಗ ಅವನ ಲಕ್ಷ್ಯ ಮುತ್ಯಾನ ಕಡಿ ಹೋತು. ನಿಜಗುಣಪ್ಪ ಮುತ್ಯಾ ಬಂದಾಗಿಂದ ಒಂದ ಮಾತಾಡಿರಲಿಲ್ಲ. ಕನ್ಯಾ ಬಂದ್ಲು, ಹೋದ್ಲು, ಮುತ್ಯಾ ಕಿಡಕ್ಯಾಗ ಹಾದು ಅಂಗಳದಾಚೆ ಕೊಟ್ಟಿಗಿ ಕಡಿನ ನೋಡ್ತಿದ್ದ. ಈಗ ಗಂಟ್ಲಾ ಸರಿ ಮಾಡ್ಕೊಂಡು ಕೇಳಿದ:

"ಎತ್ತು ಎಷ್ಟು ಹಲ್ಲಿನೂವು, ಬೀಗರ?"

ದುಂಡಪ್ಪ ಎದ್ದು ಕಿಡಕಿಗೆ ಅಡ್ಡ ನಿಂತ. ಕನ್ಯಾ ನೋಡಾಕ ಬಂದಾಂವ ಎತ್ತಿನ ಹಲ್ಲು ಎಣಸ್ತಾನ!

"ಏ, ಅವು... ಹಳೇವು. ಕೆಲಸಕ್ಕ ಬರೂ ಹಂಗಿಲ್ರಿ."

"ಕೆಲಸಕ್ಕ ಬರದ ಎತ್ತಿಗೆ ಕೋಡ ತಿಕ್ಕಿ ಗೊಂಡೆ ಕಟ್ಟೀರಿ" ಅಂದ ಮುತ್ಯಾ. ಕುತಗಿ ವಾಲಿಸಿ ಮತ್ತ ಕೊಟ್ಟಿಗಿ ಕಡಿ ನೋಡಿದ.

ದುಂಡಪ್ಪ ಸಂಗಪ್ಪನ್ನ ಹಿತ್ತಲಕ್ಕ ಎಳಕೊಂಡು ಹೋದ. "ಸಂಗ್ಯಾ, ಇದು ಕೂಡಿ ಮಾಡಿದ ಆಟ. ಹುಡುಗ ಬಂಗಾರ ಅಂತ ಐದು ಹಿಡೀತಾನ. ನಾ ಹೌಹಾರಿ 'ಆಗೂದಿಲ್ಲ' ಅಂತೇನಿ. ಆವಾಗ ಮುದುಕ, 'ಹೋಗ್ಲಿ ಬಿಡ್ರಿ, ಎತ್ತರೆ ಕೊಡ್ರಿ' ಅಂತಾನ. ಎರಡು ಮಂದಿ ಕೂಡಿ ಒಂದು ದನದ ಧಾರಣಿ ಇಳಸೂ ಆಟ. ನಾ ಮಾಡಿಲ್ಲೇನು ಇದನ್ನ?"

"ಹಂಗಾರ ಮುದುಕ ಬಾಯಿ ತಗಿಯೂದ್ರಾಗ ಬಂಗಾರದ ವ್ಯವಹಾರ ಮುಗಿಸಿಬಿಡು" ಅಂದ ಸಂಗಪ್ಪ. "ಮುಗೀತಂದ್ರ ಎತ್ತಿನ ಮಾತ ಬರೂದಿಲ್ಲ."

"ಎಷ್ಟಕ್ಕ?"

"ತಂಗೆವ್ವನ ಪೆಟಗ್ಯಾಗ ಹಾಕಾಕಂತ ಮಾಡಿಸಿಟ್ಟದ್ದು ಎಷ್ಟೈತಿ?"

"ಎರಡು ತೊಲಿ."

"ಎರಡಕ್ಕ ಇಳಸು. ನೀ ದುಂಡಪ್ಪ ಅದಿ, ಬ್ಯಾಂಕಿನ ಪೋರಗ ಅಂಜತಿ?"

ಈ ಮಾತು ದುಂಡಪ್ಪನ ಬೆರಳಿಗೆ ಹುರುಪು ತಂತು. ಗೂಟಕ್ಕಿದ್ದ ಹೊಸಾ ವಲ್ಲಿ ಹೆಗಲಿಗೆ ಹಾಕ್ಕೊಂಡ. ಪಡಸಾಲ್ಯಾಗ ಮುದುಕ, ಅಡಗಿ ಮನ್ಯಾಗ ಹೆಣಮಕ್ಕಳು, ಹಿತ್ತಲದಾಗ ಸಂಗಪ್ಪ. ಮಂದಿ ಕಣ್ಣಿಗೆ ಮರಿ ಆಗೂ ಜಾಗಾ ಉಳದದ್ದು ಒಂದ ಕಡಿ.

"ತಮ್ಮಾ, ಬರ್ರಿ, ನಿಮಗ ಕೊಟ್ಟಿಗಿ ತೋರಸ್ತೇನಿ" ಅಂತ ಬಾಳೂನ್ನ ಕರಕೊಂಡು ಹೋದ.

ಬಸ್ಯಾ, ಸೋಮ್ಯಾ ಮೇವು ತಿನ್ನೂದು ಬಿಟ್ಟು ಹೊಸಾ ಮನಷ್ಯಾನ್ನ ನೋಡಿದ್ವು. ದುಂಡಪ್ಪ ಅತ್ತಾಗ ಇತ್ತಾಗ ನೋಡಿ, ಹುಡುಗನ ಕೈ ತಾನ ಹಿಡದು, ಮ್ಯಾಲ ಝರ್ ಅಂತ ವಲ್ಲಿ ಹೊಚ್ಚಿದ.

ಬಾಳು ಗಾಬರಿಯಾದ. ಒಂದು ಗಳಿಗಿ ಅಷ್ಟ. ಆಮ್ಯಾಲ ಮಾರಿ ಅರಳ್ತು. "ಓಹೋ! ಬೈಲಹೊಂಗಲದಾಗ ಹಿಂಗ ಮಾಡ್ತಾರೇನ್ರಿ ಶೇಕ್‌ಹ್ಯಾಂಡು?"

"ಖರೇ ಶೇಕ್‌ಹ್ಯಾಂಡ್ ಇದ" ಅಂದ ದುಂಡಪ್ಪ. ಕಣ್ಣು ಮಾಳಿಗಿ ಜಂತಿ ಮ್ಯಾಲಿಟ್ಟ. ಒಂದು ಬೆರಳು ಹಿಚಕಿದ.

ಹುಡುಗ ಪ್ರೀತಿಲೆ ಇಡೀ ಅಂಗೈ ಒತ್ತಿದ.

ದುಂಡಪ್ಪನ ಹಣಿ ಬೆವರ್ತು. ಆತು, ಒಂದಕ್ಕ ಯಾರೂ ಒಪ್ಪೂದಿಲ್ಲ. ಎರಡು ಬೆರಳು ಹಿಡದ, ಗಟ್ಟಿ, ಇದ ಕಡೀದು ಅನ್ನೂ ಹಂಗ. "ಇದರ ಮ್ಯಾಲ ಆಗೂದಿಲ್ಲ, ತಮ್ಮಾ" ಅಂತ ಬಾಯಿಲೆನೂ ಅಂದ.

ಮಾವಾರ ಕೈ ಬಿಡವಲ್ರು, ಭಾಳ ಜೀವದ ಮನಷ್ಯಾರು ಅಂತ ಹುಡುಗಗ ಅನಿಸಿರಬೇಕು. ಎಡಗೈನೂ ತಂದು ವಲ್ಲಿ ಒಳಗ ತೂರಿಸಿ ಎರಡೂ ಕೈಲೆ ಹಿಡದಾ ಬಿಟ್ಟ.

ಹತ್ತು!

ದುಂಡಪ್ಪನ ಕಣ್ಣಿಗೆ ಕತ್ತಲಿ ಬಂತು. ಅವನ ದಲಾಲಿ ಜೀವಮಾನದಾಗ ಚೌಕಾಸಿ ಮಾಡಿದ್ರ ಇಳದ ಗಿರಾಕಿ ಕಂಡಿದ್ದ, ನಿಂತ ಗಿರಾಕಿ ಕಂಡಿದ್ದ. ಐದು ಅಂದಾಂವ ಹತ್ತಕ್ಕ ಏರಿದ್ದು ಇದ ಮದಲು. ಬ್ಯಾಂಕಿನವರು ಬಡ್ಡಿ ಹಾಕೂದು ಹಿಂಗ ಇರಬೇಕು ಅನಿಸ್ತು. ಇನ್ನ ತಡದ್ರ ಇಪ್ಪತ್ತು ಅಂತಾನ, ಅವಂಗ ಕಾಲಬೆರಳೂ ಅದಾವ!

ಹಲ್ಲು ಕಚ್ಚಿ, ಹುಡುಗನ ಎರಡು ಬೆರಳು ಹಿಡದು, ಕಬ್ಬಿನ ಗಾಣದಾಗ ಹಾಕಿದಂಗ ಒತ್ತಿದ. ಒತ್ತೇ ಒತ್ತಿದ. ಬಾಳೂನ ನಗಿ ಸಣ್ಣದಾತು, ಸೊಟ್ಟಾತು, ಹೋತು. ಕಣ್ಣಾಗ ನೀರು ಬಂತು.

"ಆತ್ರಿ ಮಾವಾರ! ಆತು, ಆತು, ಆತ್ರಿ!"

"ಎರಡ?"

"ಎರಡನ ಸಾಕ್ರಿ! ಉಳದ ಬೆರಳು ಬಿಡ್ರಿ, ನಾಳೆ ಬರಿಯೂದೈತಿ ಬ್ಯಾಂಕಿನ್ಯಾಗ!"

ದುಂಡಪ್ಪ ಕೈ ಬಿಟ್ಟ. ವಲ್ಲಿ ಝಾಡಿಸಿ ಹೆಗಲ ಮ್ಯಾಲ ಹಾಕ್ಕೊಂಡ. ಹುಡುಗ ಬೆರಳು ಊದಿಕೊಂತ ಪಡಸಾಲಿ ಕಡಿ ಓಡಿದ. ದುಂಡಪ್ಪ ಬಸ್ಯಾನ ಬೆನ್ನು ಚಪ್ಪರಿಸಿ, "ಉಳದ್ರೆಪಾ ಮಕ್ಕಳಿರಾ" ಅಂದ. ಬಸ್ಯಾ ಒಂದು ಸಲ ಉಸಿರು ಬಿಟ್ಟಿತು.

ಹಿತ್ತಲದಾಗ ಸಂಗಪ್ಪ ಕಾಯ್ಕೋತ ನಿಂತಿದ್ದ.

"ಹತ್ತರಿಂದ ಎರಡಕ್ಕ!" ಅಂದ ದುಂಡಪ್ಪ.

"ಹತ್ತಾ? ಐದು ಅಂದಿದ್ದ!"

"ಏರಿದ್ದ. ನಾ ಅಂತ ಇಳಿಸಿದೆ. ಬ್ಯಾರೇ ಯಾರರೆ ಇದ್ರ ಮನಿ ಹೆಂಚು ಸೈತ ಉಳೀತಿರಲಿಲ್ಲ."

"ಭಲೇ!" ಅಂತ ಸಂಗಪ್ಪ ಖುಷಿಲೆ ಕೈ ಚಾಚಿದ. "ಹುಡುಗ ಹೇಳಿದ್ನಲ್ಲಾ, ಚಲೋ ಆದ್ರ ಶೇಕ್‌ಹ್ಯಾಂಡ್."

ದುಂಡಪ್ಪ ತನ್ನ ಕೈ ಹಿಂದ ಇಟ್ಕೊಂಡ. "ನಿನ್ನ ಅಂಗಡ್ಯಾಗ ನನ್ನ ಉದ್ರಿ ಐತಿ. ನಿನಗ ಕೈ ಕೊಡೂದಿಲ್ಲ."

ಒಳಗ ಬಂದು ಸಿದ್ದಲಿಂಗವ್ವನ ಕಿವ್ಯಾಗ ಸುದ್ದಿ ಹೇಳಿದ. ಆಕಿ ಹಣಿ ಹಣಿ ಬಡಕೊಂಡ್ಲು. "ಅಲ್ರಿ, ಆ ಎರಡು ತೊಲಿ ಹೆಂಗೂ ನಮ್ಮ ಹುಡುಗಿಗೆ ಹಾಕಾವ್ರ ಇದ್ವಿ. ಅದಕ್ಕ ಆ ಹುಡುಗನ ಬೆರಳು ಯಾಕ ಮುರದ್ರಿ?"

"ನಿನಗ ವ್ಯಾಪಾರ ತಿಳೀಯೂದಿಲ್ಲ" ಅಂದ ದುಂಡಪ್ಪ. ಎದಿ ಉಬ್ಬಿಸಿಕೊಂಡು ಪಡಸಾಲಿಗೆ ನಡದ.

ಪಡಸಾಲ್ಯಾಗ ಗಾಳಿ ಬದಲಾಗಿತ್ತು. ಬಾಳು ಮೂಲ್ಯಾಗ ಕುಂತು ಬೆರಳು ತಿಕ್ಕೊಳಾಕ ಹತ್ತಿದ್ದ. ರಾಯವ್ವ ಮಾರಿ ಸಪ್ಪಗ ಮಾಡ್ಕೊಂಡು ತನ್ನ ಮಾವ ನಿಜಗುಣಪ್ಪನ್ನ ನೋಡ್ತಿದ್ಲು. ಮುತ್ಯಾ ಮಾತ್ರ ನೆಟ್ಟಗ ಕುಂತಿದ್ದ. ಮಾರಿ ಮ್ಯಾಲ, ಬಂದಾಗಿಂದ ಇಲ್ಲದ್ದು, ಒಂದು ನಗಿ ಇತ್ತು.

"ಬರ್ರಿ ಬೀಗರ, ಕುಂದ್ರಿ" ಅಂದ, ತನ್ನ ಮನ್ಯಾಗ ಕುಂತಂಗ. "ನಾವು ಮನಿ ಬಿಡೂಮುಂದ ಏನೂ ತಗೊಳ್ಳಬಾರದು ಅಂತನ ಮಾತಾಡಿಕೊಂಡು ಬಂದಿದ್ವಿ. ನಮ್ಮ ಸ್ವಸಿ ಅಂತೂ ನನ್ನ ಕಡಿಂದ ಆಣಿ ಹಾಕಿಸಿಕೊಂಡಾಳ. ಇಂಥಾ ಹುಡುಗಿ ಸಿಕ್ಕಾಳ, ಮತ್ತೇನು ಬೇಕು ನಮಗ?"

ದುಂಡಪ್ಪನ ಬಾಯಿ ಸ್ವಲ್ಪ ತಗೀತು. ಏನೂ ಬ್ಯಾಡ? ಖರೇನ ಏನೂ ಬ್ಯಾಡೇನು?

"ಆದ್ರ ಈಗ ನಮ್ಮ ಹುಡುಗ ಬಂದು, 'ಮುತ್ಯಾ, ಇಲ್ಲಿ ಶೇಕ್‌ಹ್ಯಾಂಡ್ ಬ್ಯಾರೆನ ಐತಿ, ವಲ್ಲಿ ಹೊಚ್ಚಿ ಎರಡು ಬೆರಳು ಹಿಂಡ್ತಾರ' ಅಂದ. ನಾ ಕೇಳಿದೆ, 'ಎಲ್ಲಿ ನಿಂತಿದ್ರೋ?' ಅಂದ್ರ, 'ಎತ್ತಿನ ಮುಂದ' ಅಂದ. 'ಬಾಯಿಲೆ ಏನ ಅಂದ್ರೋ?' ಅಂದ್ರ, 'ಇದರ ಮ್ಯಾಲ ಆಗೂದಿಲ್ಲ ಅಂದ್ರು, ನಾ ಆತ್ರಿ ಅಂದೆ' ಅಂದ. ಎರಡು ಬೆರಳು, ಎರಡು ಎತ್ತು. ಲೆಕ್ಕಾ ಸರಿ ಐತಿ." ಮುತ್ಯಾ ತನ್ನ ಹೆಗಲ ಮ್ಯಾಲಿನ ವಲ್ಲಿ ತಗದು ತೊಡಿ ಮ್ಯಾಲ ಹಾಸಿ, ಸಾವಕಾಶ ಮಡಚಿದ. ಆ ಬೆರಳು ಮಡಚೂ ರೀತಿ ದುಂಡಪ್ಪ ಬಗ್ಗಿ ಬಗ್ಗಿ ನೋಡಿದ. ಇವು ಕಣಕ ನಾದಿದ ಬೆರಳಲ್ಲ, ಬರಿಯೂ ಲೆಕ್ಕಣಿಕಿ ಹಿಡದ ಬೆರಳಲ್ಲ. ಇವು ಪ್ಯಾಟಿ ಬೆರಳು.

"ನೀವು... ನೀವು ದನದ ವ್ಯಾಪಾರ..."

"ಬಿಟ್ಟು ಭಾಳ ವರ್ಷ ಆತ್ರಿ. ರಾಮದುರ್ಗ ಪ್ಯಾಟಿ ನಂದ ಇತ್ತು ಒಂದು ಕಾಲಕ್ಕ."

"ಬೀಗರ, ಆ ಎರಡು ಎತ್ತಿಗಲ್ರಿ! ಬಂಗ..." ಅಂದಾವ ನಾಲಿಗಿ ಕಚ್ಚಿಕೊಂಡ. "ಅದು ಬ್ಯಾರೇಕ್ಕ ಹಿಡದದ್ದು."

"ಹೌದು, ಯರಗಟ್ಟಿ ಪರಸಪ್ಪನೂ ಹಂಗ ಅಂದಿದ್ನಂತ. 'ಹಿಡದದ್ದು ಕರುವಿಗೆ, ಎಮ್ಮಿಗಲ್ಲ' ಅಂತ."

 ಹಿತ್ತಲದಿಂದ ಬಂದು ಮತ್ತ ಕುರ್ಚ್ಯಾಗ ಕುಂತಿದ್ದ ಸಂಗಪ್ಪ ಕುರ್ಚಿ ಮುಂದ ಜರಗಿಸಿದ.

"ಪರಸಪ್ಪ ನಿಮಗ ಹೆಂಗ ಗೊತ್ತು?" ಅಂತ ದುಂಡಪ್ಪ ಕೇಳಿದ.

"ನನ್ನ ಹೆಂಡ್ತಿ ಖಾಸಾ ತಮ್ಮ. ಆ ಎಮ್ಮಿ ಮೇಯಿಸಾಕ ಆಗದ ನಮ್ಮ ಮನ್ಯಾಗ ತಂದು ಕಟ್ಟ್ಯಾನ. ಹಾಲಿಲ್ಲ, ಹೈನಿಲ್ಲ, ಇನ್ನೂ ಸತ್ತಿಲ್ಲ. ತಿನ್ನಾಕ ಮಾತ್ರ ಭಾರೀ ಹುಷಾರ್ ಐತ್ರಿ."

ರಾಯವ್ವ ತಡೀಲಿಲ್ಲ. "ಮಾವಾರ, ಆಣಿ ಮಾಡೀರಿ. ಎತ್ತು ಗಿತ್ತು ಏನೂ ಬ್ಯಾಡ ನಮಗ."

"ಕೇಳಬಾರದು ಅಂತ ಆಣಿ ಮಾಡೇನವಾ, ಕೇಳಿಲ್ಲ. ಅವರಾಗೇ ಕೊಟ್ಟದ್ದು ಒಲ್ಲೆ ಅಂದ್ರ ಹೆಂಗ? ಕೈ ಕೊಟ್ಟಾವರು ಸಣ್ಣ ಮನಷ್ಯಾ ಅಲ್ಲ." ಮುತ್ಯಾ ದುಂಡಪ್ಪನ ಕಡಿ ತಿರುಗಿದ. "ನೀವ ಹೇಳ್ರಿ. ಯಾವ ದನದ ಮುಂದ ನಿಂತು ಕೈ ಕೊಟ್ರ ಬೆರಳು ಯಾವ ದನದ್ದು? ಪ್ಯಾಟ್ಯಾಗ ಅದಕ್ಕ ಯಾರದೋ ಕಾಯದೆ ಅಂತಾರಲ್ಲಾ... ಹೆಸರ ನೆಪ್ಪ ಆಗವಲ್ದು."

"ದುಂಡಪ್ಪನ ಕಾಯದೆ" ಅಂತ ಸಂಗಪ್ಪ ಚಟಕ್ಕನ ಅಂದ. ಅಂದ ಮ್ಯಾಲ ಬಾಯಿ ಮುಚ್ಚಿಕೊಂಡ.

ದುಂಡಪ್ಪ ಅಲ್ಲಗಳದಿದ್ರ? ಸಂಗಪ್ಪನ ಬಾಯಾಗ ಬಿದ್ದ ಸುದ್ದಿ ಸಂಜಿ ಅನ್ನೂದ್ರಾಗ ಪ್ಯಾಟಿ ತುಂಬ ಆಗ್ತಿತ್ತು. ನಾಳಿಂದ ದುಂಡಪ್ಪನ ವಲ್ಲಿ ಬುಡಕ ಯಾವ ಮಗಾನೂ ಕೈ ಇಡ್ತಿರಲಿಲ್ಲ. ಬೆರಳ ಹೋದ್ರ ದಲಾಲಿ ಕಡೆ ಏನ ಉಳೀತೈತ್ರಿ? ಅಂವ ಗ್ವಾಡಿ ನೋಡಿಕೊಂತ ಸಣ್ಣ ದನಿಲೆ ಅಂದ, "ಮುಂದಿದ್ದ ದನದ್ದ."

"ಭೇಷ್!" ಅಂತ ಮುತ್ಯಾ ಎದ್ದು ಬಂದ. ದುಂಡಪ್ಪನ ಕೈ ಹಿಡದು, ಮ್ಯಾಲ ತನ್ನ ವಲ್ಲಿ ಹೊಚ್ಚಿ, ಎರಡು ಬೆರಳು ಹಗೂರಕ ಹಿಚಕಿದ. ಕಣ್ಣು ಮಾತ್ರ ಪದ್ಧತಿ ಪ್ರಕಾರ ಮಾಳಿಗಿ ನೋಡ್ತಿತ್ತು. "ಮದುವಿ ದಿನ ಹೊಡಕೊಂಡು ಹೋಗ್ತೇವಿ. ಅಲ್ಲೀತನಕ ಇಲ್ಲೇ ಇರ್ಲಿ. ಮೇವು ಜರಾ ಚಲೋ ಹಾಕ್ರಿ, ಈಗ ಅವು ಬೀಗರ ಎತ್ತು."

ಅಡಗಿ ಮನ್ಯಾಗ ಸೌಟು ಬಿದ್ದ ಸಪ್ಪಳಾತು. ತಂಗೆವ್ವ ಬಾಗಲ ಸಂದ್ಯಾಗಿಂದ ಇಣಿಕಿ, "ಹೋಗ್ಲಿ ಬಿಡಪಾ, ಬಸ್ಯಾ ಸೋಮ್ಯಾ ನನ್ನ ಜೋಡಿನ ಬರ್ತಾವ. ನನಗ ಹೊಸಾ ಮನ್ಯಾಗ ಬ್ಯಾಸರಕಿ ಆಗೂದಿಲ್ಲ" ಅಂದ್ಲು.

"ಮತ್ತ ನನಗ?" ಅಂದ ದುಂಡಪ್ಪ. ಯಾರೂ ಕೇಳಿಸ್ಕೊಳ್ಳಲಿಲ್ಲ.

ಸಂಜಿ ಬಸ್ಸಿಗೆ ಬೀಗರನ್ನ ಬಿಡಾಕ ಹೋದಾಗ ದುಂಡಪ್ಪ ಎರಡೂ ಕೈ ಅಂಗಿ ಬಗಲಾಗ ತೂರಿಸಿಕೊಂಡು ನಿಂತಿದ್ದ, ಮೈಯಾಗ ಚಳಿ ಜ್ವರ ಬಂದಾವರಂಗ. ಬಾಳು ಅಭ್ಯಾಸಬಲದಿಂದ ಕೈ ಚಾಚಾಕ ಹೋದಾಂವ ಬೆರಳಿನ ಬಾವು ನೋಡ್ಕೊಂಡು ಹಿಂದ ತಗೊಂಡ. ದೂರಿಂದನ ಕೈ ಮುಗದ. ದುಂಡಪ್ಪನ ತಲ್ಯಾಗ ಮಾತ್ರ ಒಂದ ಹುಳಾ ಕೊರೀತಿತ್ತು. ಈ ಹುಡುಗ ಶೇಕ್‌ಹ್ಯಾಂಡ್ ಖರೇನ ಪುಣೇದಾಗ ಕಲತನೋ, ಇಲ್ಲಾ ಈ ಮುದುಕನ ವಲ್ಲಿ ಬುಡಕ ಕಲತನೋ? ಆ ಮೋರೆ ನೋಡಿದ್ರ ಅಮಾಯಕ ಅನಸ್ತೈತಿ. ಎಣ್ಣಿ ಹಚ್ಚಿದ ಎತ್ತೂ ಹಂಗ ಅನಸ್ತೈತಿ.

ಬಸ್ಸು ಬಿಡ್ತು. ಕಿಡಕ್ಯಾಗ ರಾಯವ್ವ, "ಬರ್ತೇವ್ರಿ ಬೀಗರ, ಟಾಟಾ ಟಾಟಾ" ಅಂತ ಕೈ ಬೀಸಿದ್ಲು. ಪಾಪ, ಆ ಹೆಣಮಗಳ ತಪ್ಪೇನು? ಮಗಳ ಅತ್ತಿ ಆಗಾಕಿ. ದುಂಡಪ್ಪಗ ಕರುಳು ಚುರ್ ಅಂತು. ಬಗಲಾಗಿನ ಬಲಗೈ ಹೊರಗ ತಗದು, ಐದೂ ಬೆರಳು ಅಗಲ ಮಾಡಿ, ಮ್ಯಾಲ ಎತ್ತಿ ಟಾಟಾ ಮಾಡಿದ.

ಹಿಂದಿನ ಕಿಡಕ್ಯಾಗ ಕುಂತಿದ್ದ ನಿಜಗುಣಪ್ಪ ಮುತ್ಯಾ ಅದನ್ನ ಕಂಡ. ಕಣ್ಣು ಅರಳಿಸಿ ಕುತಗಿ ಹೊರಗ ಹಾಕಿ, ಆ ಬೆರಳು ನೋಡಿದ. ಆಮ್ಯಾಲ, ದುಂಡಪ್ಪ ಯಾವುದರ ಮುಂದ ನಿಂತಾನ ಅಂತ ಅವನ ಬೆನ್ನ ಹಿಂದಿನ ಕಡಿ ನೋಡಿದ.

ದುಂಡಪ್ಪ ಗಬಕ್ಕನ ಮುಷ್ಟಿ ಕಟ್ಟಿ, ಕೈ ಬೆನ್ನಿಗೆ ಅಡಗಿಸಿ, ತಿರುಗಿ ನೋಡಿದ. ಹಿಂದ ಸಂಗಪ್ಪ ನಿಂತಿದ್ದ.

ದುಂಡಪ್ಪ ಸಂಗಪ್ಪನ್ನ ದನಾ ನೋಡಿದಂಗ ಮ್ಯಾಲಿಂದ ಕೆಳಗ ಅಳದು ನೋಡಿದ. ಸಾವಕಾಶ ಮುಷ್ಟಿ ಬಿಚ್ಚಿ, ಕೈ ಮತ್ತ ಮ್ಯಾಲ ಎತ್ತಿದ.

ಆದ್ರ ಬಸ್ಸಿನಾಗ ಮುತ್ಯಾ ಆಗ್ಲೇ ತಲಿ ಅಲ್ಲಾಡಿಸಿ, 'ಈ ಮಾಲು ನನಗ ಬ್ಯಾಡ' ಅಂತ ಮಾರಿ ಆ ಕಡಿ ತಿರುವಿದ್ದ.